ಯೋಗಾನರಸಿಂಹರ ಮೇಜು

ವಿಶ್ವಾಸ್‌ನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬೀಜದ ಆಲೂಗಡ್ಡೆ ಮಾರುವ ನಮ್ಮ ಕಂಪನಿಯ ನೌಕರರಿಗೆಂದು ವೆಬ್‌ಸೈಟು ಮಾಡಿದವನು ಅವನೇ. ಹಾಸನದ ಹೆಡ್ ಆಫೀಸಿನಲ್ಲಿ ಕಾಫಿ ಕುಡಿದುಕೊಂಡು ಕೂತು ಮಾಡಿದ್ದು. ಅರಕಲಗೂಡು ಬ್ರಾಂಚಿನ ಗುಮಾಸ್ತೆಯಾದ ನನ್ನನ್ನಾಗಲಿ, ಹೊಳೆನರಸೀಪುರದವರನ್ನಾಗಲಿ ಒಂದು ಮಾತು ಕೇಳಿರಲಿಲ್ಲ. 2005ರಿಂದ ಎಲ್ಲ ಅರ್ಜಿಯೂ ಅದರಲ್ಲೇ, ಕಾಗದ ಮುಟ್ಟುವುದಿಲ್ಲ ಎಂದು ಮಾಲೀಕರು ಅಪ್ಪಣೆ ಹೊರಡಿಸಿದರು.

ನಾನು ಕೇಳಿದ್ದು ಒಂದೇ, ಚನ್ನರಾಯಪಟ್ಟಣದ ಬ್ರಾಂಚಿಗೆ ವರ್ಗ. ಅಲ್ಲಿ ನಮ್ಮವ್ವ ದೊಡ್ಡತಾಯಮ್ಮನಿಗೆ ಮರೆವಿನ ಕಾಯಿಲೆ ಹೆಚ್ಚಾಗಿತ್ತು. ಪಕ್ಕದ ಮನೆಯ ಸಣ್ಣಕ್ಕ ನೋಡಿಕೊಳ್ಳುತ್ತಿದ್ದಳು, ನಾನು ಭಾನುವಾರ ಮಾತ್ರ ಹೋಗಿಬರುತ್ತಿದ್ದೆ. ಎರಡು ವರ್ಷದಲ್ಲಿ ಎರಡು ಅರ್ಜಿ ಹಾಕಿದೆ. ಒಂದಕ್ಕೂ ಉತ್ತರ ಬರಲಿಲ್ಲ. ಆಗುವುದಿಲ್ಲ ಅನ್ನುವುದಕ್ಕೂ ಇವರಿಗೆ ಬಾಯಿ ಬರುವುದಿಲ್ಲವೇ ಎಂದು ಹಲ್ಲು ಕಚ್ಚಿಕೊಂಡಿದ್ದೆ.

2007ರಲ್ಲಿ ಒಂದು ದಿನ ವಿಶ್ವಾಸ್ ನಮ್ಮ ಬ್ರಾಂಚಿಗೆ ಬಂದ. ನಮಗೆ ಸೈಟು ಬಳಸಲು ಬರುವುದಿಲ್ಲವಂತೆ, ಕಲಿಸಲು ಬಂದನಂತೆ.

"ತುಂಬಾ ಸುಲಭ ಪ್ರೇಮಕುಮಾರಿಯವರೇ, ಎರಡೇ ಕ್ಲಿಕ್ಕು" ಎಂದ.

"ಅಂಗಾರೆ ಕೂತ್ಕಳಿ ಸಾ. ವರ್ಗದ ಅರ್ಜಿ ಎಲ್ಲೈತೆ ತೋರ್ಸಿ" ಎಂದು ನನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟೆ.

ಮೊದಲ ಪುಟದ ತುಂಬ ಮಾಲೀಕರು ಹಾರ ಹಾಕಿಸಿಕೊಂಡು ನಿಂತ ಫೋಟೋ, ಅದು ಪೂರ್ತಿ ಕಾಣುವಷ್ಟರಲ್ಲಿ ನಾನು ಒಂದು ಲೋಟ ನೀರು ಕುಡಿದು ಬಂದೆ. ಹುಡುಕುವ ಜಾಗದಲ್ಲಿ 'ವರ್ಗಾವಣೆ' ಎಂದು ಬರೆದು ಒತ್ತಿದ. ಮಾಲೀಕರ ಹುಟ್ಟುಹಬ್ಬದ ಚಿತ್ರಗಳು ಬಂದವು. ಎಡಗಡೆ ಹನ್ನೊಂದು ಹೆಸರುಗಳ ಪಟ್ಟಿಯಿತ್ತು. ಹಾಸನದವರಿಗೆ ರಜೆ ವಿಭಾಗ, ವರ್ಗದ ವಿಭಾಗ ಅನ್ನುವ ರೂಢಿಯೇ ಇಲ್ಲ. ಇದು ಇಂಥವರ ಮೇಜು, ಅದು ಅಂಥವರ ಮೇಜು ಎನ್ನುತ್ತಾರೆ. ಈ ಮಹಾಶಯ ಅದನ್ನೇ ಬರೆದುಕೊಂಡು ಪಟ್ಟಿ ಮಾಡಿದ್ದ. ಯಾವ ಮೇಜಿನಲ್ಲಿ ಯಾವ ಕೆಲಸ ಅನ್ನುವುದು ಬ್ರಾಂಚಿನವರಿಗೆ ಕನಸು ಬೀಳಬೇಕಿತ್ತು. ಮೊದಲ ಸಲ ಅರ್ಧ ದಿನ ಒಂದೊಂದನ್ನೇ ಒತ್ತಿ ನೋಡಿದ್ದೆ.

ಈಗ ಅವನೂ ಒತ್ತಿದ. ಎಂಟು ಮೇಜು ಮುಗಿದವು, ಹಣೆ ಬೆವರಿತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಒಂಬತ್ತನೆಯದು 'ಯೋಗಾನರಸಿಂಹರ ಮೇಜು'. ಅರ್ಜಿ ಸಿಕ್ಕಿತು. ಅವನ ಮುಖ ಮಾತ್ರ ಕಪ್ಪಿಟ್ಟಿತು.

"ಇವರು ತೀರಿಹೋಗಿ ಎರಡು ವರ್ಷ ಆಯ್ತು" ಎಂದ. "ಹಿರಿಯರ ಹೆಸರು ತೆಗೀಬಾರ್ದು ಅಂತ ಮಾಲೀಕರು ಹೇಳಿದ್ರು. ಹಾಗೇ ಬಿಟ್ಟೆ."

"ಅಂಗಾರೆ ನಮ್ ಅರ್ಜಿ ಯಾರ್ ನೋಡ್ತಾವ್ರೆ?"

ಹಾಸನದವರು ಎದುರು ನಿಂತು ಬಾಯಲ್ಲೇ ಕೆಲಸ ಮಾಡಿಸಿಕೊಳ್ಳುತ್ತಿದ್ದರು, ಅವರಿಗೆ ಇದರ ಗೊಡವೆಯೇ ಇರಲಿಲ್ಲ. ತನ್ನ ಪಾಸ್‌ವರ್ಡು ಹಾಕಿ ವಿಶ್ವಾಸ್ ಆ ಸತ್ತವರ ಹೆಸರಿಗೆ ಬಂದ ಅರ್ಜಿಗಳ ಪೆಟ್ಟಿಗೆ ತೆರೆದ. ನಲವತ್ತೊಂದು ಅರ್ಜಿಗಳಿದ್ದವು. ಒಂದನ್ನೂ ಯಾರೂ ತೆರೆದಿರಲಿಲ್ಲ. ನನ್ನ ಮೊದಲ ಅರ್ಜಿ ತೆರೆದು ಗಟ್ಟಿಯಾಗಿ ಓದಿದ.

"ನನ್ನ ತಾಯಿಗೆ ಈಗ ನನ್ನೊಬ್ಬಳ ಗುರುತು ಮಾತ್ರ ಸಿಗುತ್ತದೆ. ಅದೂ ಹೋಗುವ ಮೊದಲು ಜೊತೆಯಲ್ಲಿರಲು..."

ಅಲ್ಲಿಗೆ ನಿಲ್ಲಿಸಿದ. ಫೋನು ತೆಗೆದು, "ಮೇಡಂ, ಈಗ್ಲೇ ಮಾತಾಡ್ತೀನಿ. ನಾಳೇನೇ ಆರ್ಡರ್ ಕೊಡಿಸ್ತೀನಿ" ಎಂದ.

ನನಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅಳುವೂ ಬಂತು.

"ಕೊಡ್ಸಿ, ಓಯ್ತೀನಿ. ಓದ ಭಾನ್ವಾರ ಓಗಿದ್ದೆ. ನಮ್ಮವ್ವ ಬಾಗ್ಲಲ್ಲೇ ನಿಲ್ಸಿ, 'ಯಾರವ್ವಾ ನೀನು, ಯಾರ್ ಬೇಕಾಗಿತ್ತು' ಅಂದ್ಳು. ಅದ್ಕೆ ಯಾರ್ ಮೇಜ್ಗೆ ಅರ್ಜಿ ಆಕ್ಲಿ ಸಾ?"