ಸೀಮೆಸುಣ್ಣದ ದೋಣಿ

ನಮ್ಮ ಮನೆಯವರು ದರ್ಜಿ. ಇನ್ನೊಬ್ಬರು ತೆಗೆದ ಅಳತೆಯನ್ನು ಜನ್ಮದಲ್ಲಿ ನಂಬಿದವರಲ್ಲ. ಮೊದಲ ಸಲ ಮೋಟಾರು ದೋಣಿ ಕೊಳ್ಳೋಣವೆಂದು ಹೋದಾಗ ಅಂಗಡಿಯವನು, “ಸಮುದ್ರಕ್ಕೂ ಸೈ, ಕೆರೆಗೂ ಸೈ, ಆರು ಜನ ಆರಾಮಾಗಿ ಕೂರಬಹುದು” ಎಂದ. ಇವರು ಮನೆಗೆ ಬಂದವರೇ ಕುರ್ಚಿ ಮೇಜುಗಳನ್ನೆಲ್ಲ ಹೊರಗೆ ಹಾಕಿ, ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಅಷ್ಟೇ ಉದ್ದಗಲದ ದೋಣಿ ಬರೆದರು. ಅದರ ಮೂತಿ ಅಡುಗೆಮನೆಗೆ ನುಗ್ಗಿತು.

“ಎಲ್ರೂ ಹತ್ತಿ ಕೂತ್ಕೊಳ್ಳಿ. ಒಂದು ಗಂಟೆ ಯಾರೂ ಇಳಿಯೋ ಹಾಗಿಲ್ಲ!”

ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂದು ದಿನಾ ನನಗೆ ಬುದ್ಧಿ ಹೇಳುವ ಅತ್ತೆ, ದೋಣಿ ಇದ್ದಷ್ಟೂ ಕಾಲು ಚಾಚಿದರು. ಮೈದುನ ಗಾಳ ಹಿಡಿದು ಕೂತ. ಮಕ್ಕಳಿಬ್ಬರು ಚುಕ್ಕಾಣಿಗಾಗಿ, ಅಂದರೆ ನನ್ನ ಹೊಸ ತಟ್ಟೆಗಾಗಿ, ಜುಟ್ಟು ಹಿಡಿದು ಜಗಳವಾಡಿದರು. ನಾನು ಮೂತಿಯಲ್ಲಿ ಕೂತು, ದೋಣಿಯಿಂದ ಇಳಿಯದೆಯೇ ಉಕ್ಕುವ ಹಾಲಿನ ಒಲೆ ಆರಿಸಿದೆ.

“ನೋಡಿದ್ರಾ, ಎಲ್ರಿಗೂ ಧಾರಾಳ!” ಎಂದು ಇವರು ಟೇಪು ಹಿಡಿದು ಬೀಗಿದರು.

“ನೀನೆಲ್ಲಿ ಕೂರ್ತೀಯೋ?” ಎಂದರು ಅತ್ತೆ.

ಇವರು ಕಾಲ ಕೆಳಗೆ ನೋಡಿಕೊಂಡರು. ನಿಂತಿದ್ದದ್ದು ನಡುಸಮುದ್ರದಲ್ಲಿ. ದೋಣಿಯೊಳಗೆ ಎಳ್ಳು ಹಾಕಲೂ ಜಾಗವಿರಲಿಲ್ಲ.

ಅವರೇನು ಸೋಲುವ ಆಸಾಮಿಯೇ? ಬಲಗಡೆಯ ಗೆರೆ ಒರೆಸಿ, ತಮ್ಮ ಹೊಟ್ಟೆಯ ಸುತ್ತಳತೆಗೆ ಉಬ್ಬಿಸಿ ಬರೆದು, ಅದರೊಳಗೆ ಗತ್ತಿನಿಂದ ಕೂತರು. ಅಲ್ಲಿಂದಲೇ ಅಂಗಡಿಗೆ ಫೋನ್ ಹಚ್ಚಿದರು.

“ನಿಮ್ಮ ದೋಣಿ ಒಪ್ಪಿಗೆ ಆಯ್ತು ಕಣ್ರೀ. ಬಲಗಡೆ ಸೊಂಟದ ಹತ್ರ ಮಾತ್ರ ಒಂದಡಿ ಲೂಸ್ ಮಾಡ್ಕೊಡಿ. ಒಳಗೆ ಬಟ್ಟೆ ಬಿಟ್ಟಿರ್ತೀರಲ್ಲ?”