ಗೇಟಿನ ಆಯಸ್ಸು

ಕೆನ್ನೆಯನ್ನು ನೆಲಕ್ಕೆ ತಾಗಿಸಿ ಗೇಟಿನ ಅಡಿ ನೋಡಿದಾಗ ದೊಡ್ಡಳಿಯನಿಗೆ ಕಂಡದ್ದು ತೂತುಗಳು. ಕೆಳಗಿನ ಅಡ್ಡ ಪೈಪಿನ ತಳದಲ್ಲಿ, ಮೊಳಕ್ಕೊಂದರಂತೆ, ಪೆನ್ಸಿಲ್ ತೂರುವಷ್ಟು ಅಗಲದ ತೂತುಗಳು. ಎಣಿಸಿದ. ದೊಡ್ಡ ಬಾಗಿಲಿಗೆ ಎಂಟು, ಜನ ಓಡಾಡುವ ಚಿಕ್ಕ ಬಾಗಿಲಿಗೆ ಮೂರು.

"ಏನಾದ್ರೂ ಸಿಕ್ತಾ?" ಎಂದು ಮೇಲಿನಿಂದ ಮೇಡಂ ಕೇಳಿದರು.

"ತುಕ್ಕು ಹುಡುಕ್ತಿದೀನಿ ಮೇಡಂ" ಎಂದ. ಸುಳ್ಳೇನಲ್ಲ. ತುಕ್ಕು ಹುಡುಕಲೆಂದೇ ಅವನನ್ನು ಕರೆಸಿದ್ದರು. ಅವನೂ ಸಿಗಲಿ, ಸಿಗಲಿ ಎಂದು ಬೇಡಿಕೊಳ್ಳುತ್ತಲೇ ಬಂದಿದ್ದ.

ಅದು ಹೆರಿಗೆ ಆಸ್ಪತ್ರೆಯ ಗೇಟು. ಹತ್ತೊಂಬತ್ತು ವರ್ಷದ ಹಿಂದೆ ಅದನ್ನು ಮಾಡಿದವನು ಅವನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಇಬ್ಬರೂ ಮಾವನ ವೆಲ್ಡಿಂಗ್ ಶಾಪಿನಲ್ಲೇ ಕೆಲಸ ಕಲಿತವರು, ಅದೇ ಮನೆಯ ಹೆಣ್ಣುಗಳನ್ನು ಮದುವೆಯಾದವರು. ಮಾವ ತೀರಿಕೊಂಡ ಮೇಲೆ ಒಂದೇ ರಸ್ತೆಯ ಎರಡು ತುದಿಗೆ ಎರಡು ಶಾಪುಗಳಾದವು. ಬೋರ್ಡಿನ ಮೇಲೆ ಏನೇ ಬರೆಸಿದರೂ ಜನ ಕರೆಯುವುದು ದೊಡ್ಡಳಿಯನ ಶಾಪು, ಚಿಕ್ಕಳಿಯನ ಶಾಪು ಎಂದೇ. ತಾನು ದೊಡ್ಡವನಾಗಿರುವುದು ಆ ಹೆಸರಿನಲ್ಲಿ ಮಾತ್ರ ಎಂಬ ಕೊರಗು ದೊಡ್ಡಳಿಯನಿಗೆ. ಕೆಲಸ ಮಾಡಿಸುವವರು ಅವನ ಬಾಗಿಲಲ್ಲಿ ಬೈಕ್ ನಿಲ್ಲಿಸಿ, ಚಿಕ್ಕಳಿಯನ ಶಾಪು ಎಲ್ಲಿ ಬರುತ್ತದೆ ಎಂದು ಕೇಳುತ್ತಿದ್ದರು. ಅವನೇ ಕೈ ಮಾಡಿ ದಾರಿ ತೋರಿಸಬೇಕಿತ್ತು.

ಗೇಟು, ಕಾಂಪೌಂಡಿನ ಬೇಲಿ ಎರಡೂ ಹಳತಾದವು, ಬದಲಿಸಿಕೊಡಿ ಎಂದು ಆಸ್ಪತ್ರೆಯವರು ಬರೆದಿದ್ದರು. ಹಿಂದೆಲ್ಲ ಹಾಗೆ ಬರೆದರೆ ಹಳೆಯದು ಗುಜರಿಗೆ ಹೋಗಿ ಹೊಸದು ಬರುತ್ತಿತ್ತು. ಈ ಸಲ ಮೇಲಿನ ಕಚೇರಿಯಿಂದ ಪರಿಸರದ ಲೆಕ್ಕ ಹಾಕುವ ಮೇಡಂ ಒಬ್ಬರು ಬಂದರು. ಅದಿರು ಅಗೆದಲ್ಲಿಂದ ಹಿಡಿದು ಕುಲುಮೆ, ಲಾರಿ, ಸತುವಿನ ಲೇಪ, ಆಗಾಗ ಬಳಿಯುವ ಪೇಂಟು, ಕೊನೆಗೆ ಗುಜರಿ ಸೇರಿ ಮತ್ತೆ ಕರಗುವವರೆಗೆ ಒಂದು ಗೇಟಿನಿಂದ ಎಷ್ಟು ಹೊಗೆ, ಎಷ್ಟು ಕೊಳೆ ಎಂದು ಬರೆಯುವುದು ಅವರ ಕೆಲಸ. ಗೇಟಿಗೂ ಹುಟ್ಟು ಸಾವಿನ ರಿಜಿಸ್ಟರ್ ಇಡುತ್ತಾರೆಂದು ದೊಡ್ಡಳಿಯನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಉಳಿದ ಆಯಸ್ಸು ಎಷ್ಟೆಂದು ಹೇಳಲು ಕಸುಬುದಾರನೊಬ್ಬ ಬೇಕು, ಆದರೆ ಮಾಡಿದವನೇ ಆಗಿರಕೂಡದು ಎಂದು ಅವರ ನಿಯಮ. ಮಾಡಿದವನು ಇವನ ಷಡ್ಡಕ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಇವನೂ ಹೇಳಲಿಲ್ಲ.

ಒಂದು ಕೆ.ಜಿ. ಹೊಸ ಉಕ್ಕಿಗೆ ಹೆಚ್ಚುಕಡಿಮೆ ಎರಡು ಕೆ.ಜಿ. ಹೊಗೆ ಎಂದು ಮೇಡಂ ಬೆಳಿಗ್ಗೆಯೇ ವಿವರಿಸಿದ್ದರು. ಹಳೆಯದನ್ನು ಕರಗಿಸಿ ಮಾಡಿದರೆ ಕಡಿಮೆ, ಆದರೂ ಪುಕ್ಕಟೆಯಲ್ಲ. ಆ ಹೊಗೆಯನ್ನು ಗೇಟು ನಿಂತ ವರ್ಷಗಳಿಂದ ಭಾಗಿಸಬೇಕಂತೆ. ಹೆಚ್ಚು ವರ್ಷ ನಿಂತದ್ದೇ ಒಳ್ಳೆಯ ಗೇಟು, ಹೂವು ಬಳ್ಳಿ ಬಗ್ಗಿಸಿದ್ದೆಲ್ಲ ಬರೀ ಅಲಂಕಾರ. ಅದಕ್ಕೇ ಅವರು ಊರಿನ ಗುಜರಿ ಅಂಗಡಿಗಳಲ್ಲಿ ಕೂತು, ಯಾವ ಶಾಪಿನ ಗೇಟು ಎಷ್ಟು ವರ್ಷಕ್ಕೆ ಅಲ್ಲಿಗೆ ಬಂದು ಬಿತ್ತು ಎಂದು ಪಟ್ಟಿ ಮಾಡಿದ್ದರು. ಹೆಸರು ಹಾಕದೆ ಒಂದನೆಯ ಶಾಪು, ಎರಡನೆಯ ಶಾಪು ಎಂದಷ್ಟೇ ಬರೆದಿದ್ದರು.

"ಈ ಮೂರನೇ ಶಾಪಿನವರ ಗೇಟುಗಳು ಒಂಬತ್ತು ವರ್ಷಕ್ಕೇ ಮುಗಿದು ಹೋಗ್ತವೆ. ಹೊರಗಡೆ ಏನು ಮಿಂಚು ಅಂತೀರಿ! ಕತ್ತರಿಸಿದ್ರೆ ಒಳಗೆಲ್ಲ ತುಕ್ಕಿನ ಪುಡಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತಾಯಿತು ದೊಡ್ಡಳಿಯನ ಸ್ಥಿತಿ. ಕೈಯಲ್ಲಿದ್ದ ಸುತ್ತಿಗೆಯನ್ನು ಸುಮ್ಮನೆ ಚೀಲಕ್ಕೆ ಹಾಕಿದ, ಮತ್ತೆ ತೆಗೆದ. ಒಂದನೆಯದು ಚಿಕ್ಕಳಿಯನದೇ ಇರಬೇಕೆನಿಸಿ, ಕೇಳಬಾರದು ಎಂದುಕೊಂಡೇ ಕೇಳಿದ:

"ಒಂದನೇ ಶಾಪಿಂದು?"

"ಅವರದು ಗುಜರಿಗೆ ಬಂದಿರೋದೇ ಕಮ್ಮಿ. ಸರಾಸರಿ ತೆಗೆಯೋಕೆ ಸಾಕಾಗೋಷ್ಟು ಸಿಗಲಿಲ್ಲ."

ಇಷ್ಟು ವರ್ಷ ಅವನು ತನಗೆ ತಾನೇ ಒಂದು ಸಮಾಧಾನ ಹೇಳಿಕೊಂಡಿದ್ದ. ಚಿಕ್ಕಳಿಯನದು ಜೇನಿನಂಥ ಮಾತು, ಗಿರಾಕಿಯ ಮನೆಯ ನಾಯಿಯನ್ನೂ ಮಾತಾಡಿಸುತ್ತಾನೆ, ಅದಕ್ಕೇ ಅವನಿಗೆ ಹೆಸರು. ಕೈಕೆಲಸಕ್ಕೆ ಕೈಕೆಲಸ ಹಿಡಿದು ನೋಡಿದರೆ ತನ್ನದೇ ಮೇಲು. ಹೆಂಡತಿ ತಂಗಿಯ ಮನೆಯಿಂದ ಬಂದು ಸುಮ್ಮನೆ ಕೂತರೂ, ಅತ್ತೆ ಚಿಕ್ಕಳಿಯಂದಿರು ಹೀಗೆ, ಚಿಕ್ಕಳಿಯಂದಿರು ಹಾಗೆ ಎಂದರೂ ಈ ಸಮಾಧಾನದಿಂದಲೇ ಅವನು ಅನ್ನ ನುಂಗುತ್ತಿದ್ದ. ಈಗ ಯಾರೋ ದೂರದ ಊರಿನ ಹೆಂಗಸು, ಮುಖ ನೋಡಿ ಮಣೆ ಹಾಕದವರು, ಬರೀ ಅಂಕಿಯಲ್ಲಿ ಅದನ್ನು ಅಳಿಸಿ ಹಾಕಿದ್ದರು.

ತೂತುಗಳು ಯಾಕೆಂದು ಅವನಿಗೆ ಗೊತ್ತಿತ್ತು. ಪೈಪಿನೊಳಗೆ ಎಲ್ಲಿಂದಲೋ ನೀರು ಸೇರುತ್ತದೆ, ಹೊರಗೆ ಹೋಗಲು ದಾರಿಯಿಲ್ಲದೆ ನಿಂತು ಒಳಗಿನಿಂದ ತಿನ್ನುತ್ತದೆ. ನೀರು ಬರುವುದನ್ನು ತಡೆಯೋಕಾಗಲ್ಲ ಕಣ್ರೋ, ಹೋಗೋಕೆ ದಾರಿ ಬಿಡಿ ಎಂದು ಮಾವ ಇಬ್ಬರಿಗೂ ಒಟ್ಟಿಗೇ ಹೇಳಿಕೊಟ್ಟಿದ್ದ. ದೊಡ್ಡಳಿಯ ಸ್ವಂತ ಶಾಪು ಹಾಕಿದ ವರ್ಷವೇ ಅದನ್ನು ಬಿಟ್ಟ. ಡ್ರಿಲ್ಲಿನ ಬಿಟ್ ಮುರಿಯುತ್ತದೆ, ಅರ್ಧ ಗಂಟೆ ಹಾಳು, ಯಾವ ಗಿರಾಕಿಯೂ ನೆಲದ ಮೇಲೆ ಮಲಗಿ ಗೇಟಿನ ತಳ ನೋಡುವುದಿಲ್ಲ. ಚಿಕ್ಕಳಿಯನೂ ಬಿಟ್ಟಿರುತ್ತಾನೆ ಎಂದೇ ಅವನು ನಂಬಿದ್ದ.

ಸುಳ್ಳು ಹೇಳಿಬಿಡೋಣವೆಂದರೆ ಮೇಡಂ ಕೈಯಲ್ಲಿ ದಪ್ಪ ಅಳೆಯುವ ಮೀಟರಿತ್ತು. ಅವನು ಅಲ್ಲಲ್ಲಿ ಪೇಂಟು ಕೆರೆದುಕೊಟ್ಟ ಕಡೆ ಅದನ್ನು ಒತ್ತಿದರು. ಮೂರು ಮಿಲಿಮೀಟರಿನ ಪೈಪು ಎಲ್ಲೂ ಎರಡು ಮುಕ್ಕಾಲಿಗಿಂತ ಕೆಳಗಿಳಿದಿರಲಿಲ್ಲ. ಅಂಕಿ ಅವರ ಪುಸ್ತಕ ಸೇರಿಯಾಗಿತ್ತು. ಅಲ್ಲದೆ ಗೇಟು ಕೆಟ್ಟಿದೆ ಎಂದರೂ ಲಾಭ ಯಾರಿಗೆ? ಹೊಸ ಗೇಟಿಗೆ ಆಸ್ಪತ್ರೆಯವರು ನೆಟ್ಟಗೆ ಚಿಕ್ಕಳಿಯನ ಶಾಪಿಗೇ ಹೋಗುತ್ತಾರೆ, ಇವನೇ ದಾರಿ ತೋರಿಸಬೇಕು.

"ಇನ್ನೂ ಹದಿನೈದು ವರ್ಷ ಏನೂ ಆಗಲ್ಲ" ಎಂದ. ತನ್ನ ಧ್ವನಿ ತನಗೇ ಹುಳಿಯೆನಿಸಿತು.

ಮೇಡಂ ಅವನನ್ನು ಒಂದು ಗಳಿಗೆ ನೋಡಿದರು. ಗೇಟು ಮಾಡುವವರು ಯಾರೂ ಹಳೆಯ ಗೇಟು ಇರಲಿ ಎನ್ನುವುದಿಲ್ಲ, ನಿಮ್ಮಂಥವರು ಅಪರೂಪ ಎಂದು ಹೇಳಿ ಬರೆದುಕೊಂಡರು. ಕೆರೆದ ಜಾಗಕ್ಕೆ ಪುಟ್ಟಿ ಹಚ್ಚಿ ಮುಚ್ಚಿಬಿಡಿ ಎಂದು, ಹಿಂದಿನ ಬೇಲಿ ನೋಡಲು ಆಸ್ಪತ್ರೆಯ ಮಗ್ಗುಲಿಗೆ ಹೋದರು.

ಅವನು ಪುಟ್ಟಿಯ ಡಬ್ಬ ತೆರೆದ. ಪೇಂಟಿಗೆ ಮುಂಚೆ ಕಬ್ಬಿಣದ ಗುಳಿಗಳಿಗೆ ಸವರುವ ಬೂದು ಬಣ್ಣದ ಪುಟ್ಟಿ, ದಪ್ಪಗೆ ತುಂಬಿದರೆ ದಿನಗಟ್ಟಲೆ ಹಸಿಯಾಗಿರುವಂಥದ್ದು, ಕೈಗೆ ಹತ್ತಿದರೆ ಥಿನ್ನರಿಗೆ ಮಾತ್ರ ಬಿಡುವಂಥದ್ದು. ಕೆರೆದ ಕಡೆಯೆಲ್ಲ ನೀಟಾಗಿ ಹಚ್ಚಿದ. ಬೆರಳಿನಲ್ಲಿ ಇನ್ನೂ ಒಂದಿಷ್ಟು ಉಳಿದಿತ್ತು. ಮತ್ತೆ ಕೆನ್ನೆ ನೆಲಕ್ಕೆ ತಾಗಿಸಿ ಕೈಯನ್ನು ಅಡಿಗೆ ತೂರಿಸಿದ. ಮೊದಲನೆಯ ತೂತು ಮುಚ್ಚುವಾಗ ಮೇಡಂ ಹೋದ ಕಡೆ ತಲೆ ಎತ್ತಿ ನೋಡಿದ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಕೈ ಪಳಗಿತ್ತು. ಹನ್ನೊಂದನ್ನೂ ಮುಚ್ಚಿ, ಒರೆಸಿ, ಎದ್ದು ಅಂಗಿಯ ಮಣ್ಣು ಕೊಡವಿಕೊಂಡ. ಹದಿನೈದೂ ಬೇಡ, ಐದು ವರ್ಷಕ್ಕೆ ಅಡಿಯ ಪೈಪು ಕೊಳೆತು ಕೆಳಗೆ ಬೀಳಬೇಕು. ಆಗ ಮೇಡಂ ಬಂದು ಒಂದನೆಯ ಶಾಪಿನ ಮುಂದೆಯೂ ಒಂದು ಅಂಕಿ ಬರೆದುಕೊಳ್ಳಲಿ.

ಅವನು ಎಣಿಸದೇ ಇದ್ದದ್ದು ಒಂದಾಯಿತು. ವರದಿಯ ಸುದ್ದಿ ಮೂರು ದಿನಕ್ಕೆ ರಸ್ತೆಯ ಈ ತುದಿಯಿಂದ ಆ ತುದಿಗೆ ಹೋಯಿತು. ಷಡ್ಡಕನ ಗೇಟು ಅಂತ ಗೊತ್ತಿದ್ದೂ, ಕೆಲಸ ಸಿಗಬಹುದು ಅಂತಿದ್ದೂ, ಇದ್ದದ್ದನ್ನು ಇದ್ದ ಹಾಗೆ ಹೇಳಿದನಂತೆ ಎಂದು ಪೇಂಟು ಅಂಗಡಿಯವನು ಅವನ ಬೆನ್ನು ತಟ್ಟಿದ. ಮನೆಯಲ್ಲಿ ಊಟಕ್ಕೆ ಬಡಿಸುವಾಗ ಹೆಂಡತಿ ಅವನ ಹೆಗಲ ಮೇಲೆ ಒಂದು ಗಳಿಗೆ ಕೈಯಿಟ್ಟಳು. ಹೀಗೆ ಅವಳು ಕೈಯಿಟ್ಟು ಎಷ್ಟು ವರ್ಷವಾಯಿತು ಎಂದು ಅವನಿಗೆ ನೆನಪಾಗಲಿಲ್ಲ.

"ನಾನು ನಿಮ್ಮನ್ನ ಅಷ್ಟು ತಿಳ್ಕೊಂಡಿರಲಿಲ್ಲ ರೀ" ಎಂದಳು.

ಅವನು ಅರ್ಧ ಊಟಕ್ಕೇ ಎದ್ದು ಕೈ ತೊಳೆದ. ಹೊಗಳಿಕೆ ತನಗೆ ಬಂದದ್ದೇನೋ ನಿಜ, ಆದರೆ ಬಂದದ್ದು ಷಡ್ಡಕನ ಗೇಟಿನ ದೆಸೆಯಿಂದ. ತನ್ನ ಒಳ್ಳೆಯತನಕ್ಕೂ ಚಿಕ್ಕಳಿಯನೇ ಕಾರಣನಾಗಬೇಕೇ ಎಂದು ಉರಿದುಕೊಂಡ. ಮರುಗಳಿಗೆಯಲ್ಲೇ ಹೆಗಲ ಮೇಲೆ ಕೈಯ ಬಿಸಿ ಉಳಿದಿದೆಯೆನಿಸಿ ಹೇಸಿಗೆಯಾಯಿತು. ಹೋಗಿ ಒಂದು ಮೊಳೆಯಿಂದ ಹನ್ನೊಂದನ್ನೂ ಚುಚ್ಚಿ ಬಂದರೆ ಕಾಲು ಗಂಟೆಯ ಕೆಲಸ. ನಾಳೆ ಹೋಗುತ್ತೇನೆ ಎಂದುಕೊಂಡ. ಮರುದಿನ ಪೇಂಟು ಅಂಗಡಿಯ ಮುಂದೆ ಹಾದು, ಆಸ್ಪತ್ರೆಯ ತಿರುವಿನವರೆಗೂ ಹೋಗಿ, ಗೇಟಿನ ಹತ್ತಿರ ನಿಂತು ವಾಚ್‌ಮನ್ ಜೊತೆ ನಗುತ್ತಿದ್ದ ಷಡ್ಡಕನನ್ನು ಕಂಡು ವಾಪಸ್ಸು ಬಂದ. ಆ ನಗು ಕಂಡ ಮೇಲೆ ಮೊಳೆ ಜೇಬಿನಲ್ಲೇ ಉಳಿಯಿತು.

ಶನಿವಾರ ಸಂಜೆ ಮೊದಲ ಮಳೆ ಬಂತು. ಶಾಪಿನ ತಗಡಿನ ಮೇಲೆ ಅದು ಬೀಳುವುದನ್ನು ಕೇಳುತ್ತ ಅವನು ಕೂತ. ಎಷ್ಟು ಹೊತ್ತಿಗೆ ಪೈಪು ತುಂಬಬಹುದು ಎಂದು ಲೆಕ್ಕ ಹಾಕಿದ. ಖುಷಿಯಾಗಬೇಕಿತ್ತು.

ಭಾನುವಾರ ಬೆಳಿಗ್ಗೆ ಚಿಕ್ಕಳಿಯನೇ ಮನೆಗೆ ಬಂದ. ಅತ್ತೆ ಆ ತಿಂಗಳು ಇವರ ಮನೆಯಲ್ಲೇ ಇದ್ದರು. ಚಿಕ್ಕಳಿಯ ಮಂಡಿಯವರೆಗೆ ಪ್ಯಾಂಟು ಮಡಚಿದ್ದ, ಬೆನ್ನಿಗೆಲ್ಲ ಕೆಸರು, ಒಂದು ಕೆನ್ನೆಯ ಮೇಲೂ ಕೆಸರು. ಒಳಗೆ ಬರಲಿಲ್ಲ, ಹಿತ್ತಲ ನಲ್ಲಿಯ ಹತ್ತಿರವೇ ನಿಂತ. ವರದಿ ಕೇಳಿದೆ ಎಂದು ಹೇಳಿ ಅಂಗೈ ತಿರುಗಿಸಿ ನೋಡಿಕೊಂಡ.

"ಅಣ್ಣ, ನೀನು ಹಾಗೆ ಬರೆಸಿದ್ದು ನಂಗೆ..." ಎಂದು ಅಷ್ಟಕ್ಕೇ ನಿಲ್ಲಿಸಿದ.

ಬೆಳಿಗ್ಗೆ ಬೆಳಿಗ್ಗೆ ಇದೇನು ಅವತಾರ ಎಂದು ಅತ್ತೆ ಕೇಳಿದರು. ಮಳೆಗಾಲ ಶುರುವಾದಾಗ ತನ್ನ ಗೇಟುಗಳನ್ನೆಲ್ಲ ಒಂದು ಸುತ್ತು ನೋಡಿ ಬರುವುದು ವಾಡಿಕೆ ಎಂದ ಅವನು. ಅಡಿಯ ತೂತುಗಳಲ್ಲಿ ಮಣ್ಣು ಸೇರಿರುತ್ತದೆ, ಕಣಜ ಗೂಡು ಕಟ್ಟಿರುತ್ತದೆ, ತಂತಿ ಹಾಕಿ ತೆಗೆಯಬೇಕು. ಆಸ್ಪತ್ರೆಯದು ಇವತ್ತು ಮಾಡಿದೆ. ಇದನ್ನೆಲ್ಲ ಅವನು ಅತ್ತೆಗೇ ಹೇಳಿದ, ದೊಡ್ಡಳಿಯನ ಕಡೆ ತಿರುಗಲಿಲ್ಲ.

"ಸಿಕ್ತಾ, ಕಣಜದ ಗೂಡು?" ಎಂದು ದೊಡ್ಡಳಿಯ ಕೇಳಿದ.

"ಹೂಂ ಅಣ್ಣ. ಹನ್ನೊಂದರಲ್ಲೂ ಕಟ್ಟಿತ್ತು. ಪೈಪಲ್ಲಿ ಆಗ್ಲೇ ನೀರು ನಿಂತಿತ್ತು, ಚುಚ್ಚಿದ ತಕ್ಷಣ ನನ್ನ ಮೇಲೇ ಸುರೀತು."

ಹೆಂಡತಿ ಸೋಪು ತಂದುಕೊಟ್ಟಳು. ಚಿಕ್ಕಳಿಯ ಮುಖ ತೊಳೆದ, ಕೈ ತೊಳೆದ. ಕೆಸರು ಹೋಯಿತು. ಹತ್ತೂ ಉಗುರುಗಳ ಅಂಚಿನಲ್ಲಿ ಬೂದು ಬಣ್ಣ ಹಾಗೇ ಉಳಿಯಿತು. ಮತ್ತೊಮ್ಮೆ ಸೋಪು ಹಚ್ಚಿ ಉಜ್ಜಿದ. ಹೋಗಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಒಯ್ಯಲು ನೋಡಿದ, ಆದರೆ ಅತ್ತೆ ಟೀ ಲೋಟ ಚಾಚಿದ್ದರು, ಹಿಡಿಯಲೇಬೇಕಾಯಿತು.

"ಅದೆಂಥಾ ಕಣಜದ ಮಣ್ಣಪ್ಪಾ, ಸೋಪಿಗೂ ಜಗ್ಗಲ್ವಲ್ಲ!" ಎಂದರು ಅತ್ತೆ, ಅವನ ಬೆರಳು ಹಿಡಿದು ನೋಡುತ್ತ.

"ಹೋಗುತ್ತೆ ಬಿಡಿ ಅತ್ತೆ. ನಾಲ್ಕು ದಿನ ಆದ್ರೆ ತಾನಾಗೇ ಹೋಗುತ್ತೆ" ಎಂದ ಚಿಕ್ಕಳಿಯ.

ದೊಡ್ಡಳಿಯ ಎದ್ದು ಹಿತ್ತಲ ಮೂಲೆಯ ಶೆಡ್ಡಿಗೆ ಹೋದ. ವಾಪಸ್ಸು ಬರುವಾಗ ಅವನ ಒಂದು ಕೈಯಲ್ಲಿ ಥಿನ್ನರಿನ ಬಾಟಲಿ, ಇನ್ನೊಂದರಲ್ಲಿ ಹಳೆಯ ಬನಿಯನ್ನಿನ ಚಿಂದಿ ಇದ್ದವು. ಮಣ್ಣಿಗೆ ಯಾಕೆ ರೀ ಥಿನ್ನರು ಎಂದು ಹೆಂಡತಿ ಕೇಳಿದಳು. ದೊಡ್ಡಳಿಯ ಚಿಂದಿಯನ್ನು ಒದ್ದೆ ಮಾಡಿ, ನಲ್ಲಿಯ ಪಕ್ಕದ ಕಲ್ಲಿನ ಮೇಲೆ ಷಡ್ಡಕನ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು, ಅವನ ಹೆಬ್ಬೆರಳು ಹಿಡಿದ. ಉಗುರಿನ ಅಂಚಿಗೆ ಒತ್ತಿ ಉಜ್ಜಿದ. ಬೂದು ಬಣ್ಣ ಕರಗಿ ಚಿಂದಿಗೆ ಹತ್ತಿತು. ಹೆಬ್ಬೆರಳಾದ ಮೇಲೆ ತೋರು ಬೆರಳು, ಆಮೇಲೆ ಅದರ ಪಕ್ಕದ್ದು. ಕಿರುಬೆರಳು ಮುಗಿದಾಗ ಚಿಕ್ಕಳಿಯ ಟೀ ಲೋಟವನ್ನು ಕೆಳಗಿಟ್ಟು ಇನ್ನೊಂದು ಕೈಯನ್ನು ಮುಂದೆ ಚಾಚಿದ.