ಅಪ್ಪನ ಕಿವಿ ಮಾತ್ರ

ಕಲ್ಲು ಕೆತ್ತುವ ರಾದಿಸಾವ್ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದ, ಹತ್ತಿರ ತಂದ, ದೂರ ಮಾಡಿದ, ಕೊನೆಗೆ ಕೆಳಗಿಟ್ಟ.

"ನಿಮ್ಮಪ್ಪನ ಕಿವಿ ಚೆನ್ನಾಗಿ ಬಂದಿದೆ ಕ್ರೂನಿಯಾ. ಕಿವಿಯೊಳಗಿನ ಕೂದಲು ಎಣಿಸ್ಬೋದು. ಕಣ್ಣೆಲ್ಲಿ? ಬರೀ ಕಿವಿ ಕೆತ್ತಿ ನಿಲ್ಲಿಸ್ಲಾ ಸಮಾಧಿ ಮೇಲೆ?"

"ಇನ್ನೊಂದಿದೆ, ಅದನ್ನ ನೋಡು."

"ನೋಡ್ದೆ. ಅದ್ರಲ್ಲಿ ಹಿಂದಿನ ಮರದ ತೊಗಟೆ ಚೆನ್ನಾಗಿದೆ. ಮತ್ತೊಂದ್ರಲ್ಲಿ ಕೋಟಿನ ಗುಂಡಿ. ನಿಮ್ಮಪ್ಪ ಮಾತ್ರ ಎಲ್ಲಾದ್ರಲ್ಲೂ ಮಂಜೊಳಗೆ ಕೂತಿದಾನೆ. ಗುರುತಿನ ಚೀಟೀಲಿರೋದನ್ನೇ ಕೆತ್ತೋದು, ಇನ್ನೇನು ದಾರಿ?"

ಗುರುತಿನ ಚೀಟಿಯಲ್ಲಿ ಅಪ್ಪ ವುಕಾಶಿನ್ ಕೋಳಿ ಕದ್ದು ಸಿಕ್ಕಿಬಿದ್ದವನ ಹಾಗೆ ಗುರಾಯಿಸುತ್ತಿದ್ದ. ಆ ಮನುಷ್ಯ ಜೀವಮಾನದಲ್ಲಿ ಹಾಗೆ ಗುರಾಯಿಸಿದ್ದು ಆ ಚೀಟಿಯ ಫೋಟೋಗೆಂದು ಪೊಲೀಸ್ ಠಾಣೆಯ ಸ್ಟೂಲಿನ ಮೇಲೆ ಕೂತಾಗ ಮಾತ್ರ. ಉಳಿದ ಹೊತ್ತೆಲ್ಲ ನಕ್ಕವನೇ. ಈಗ ಕಪ್ಪು ಕಲ್ಲಿನ ಮೇಲೆ ಆಳೆತ್ತರ ನಿಂತು, ಹಿಮವಿರಲಿ ಬಿಸಿಲಿರಲಿ, ಊರನ್ನೆಲ್ಲ ಗುರಾಯಿಸುವುದು ಅವನ ಹಣೆಯಲ್ಲಿ ಬರೆದಿತ್ತು. ಬರೆದವಳು ಸ್ವಂತ ಮಗಳು, ಮೊರಾವಾ ನದಿ ದಂಡೆಯ ಆ ಊರಿಗಿದ್ದ ಒಬ್ಬಳೇ ಫೋಟೋಗ್ರಾಫರ್. ನಾಚಿಕೆಗೇಡು ಅಂದರೆ ಇದಕ್ಕಿಂತ ಬೇರೆ ಬೇಕೇ?

"ಅಮ್ಮಂದಾದ್ರೂ ಸರಿಯಾಗಿರೋದು ತಾ," ಅಂದ ರಾದಿಸಾವ್. "ಸತ್ತವರ ಶನಿವಾರಕ್ಕೆ ಕಲ್ಲು ನಿಲ್ಲಿಸ್ಬೇಕು. ಊರೆಲ್ಲಾ ಬುತ್ತಿ ಕಟ್ಕೊಂಡು ಸ್ಮಶಾನಕ್ಕೆ ಬರುತ್ತೆ."

ಗಂಡನ ಪಕ್ಕದಲ್ಲಿ ಹೆಂಡತಿಯೂ ಕಲ್ಲಿನ ಮೇಲೆ ನಿಲ್ಲಬೇಕು, ಅವಳು ಬದುಕಿದ್ದರೂ ಸರಿಯೇ. ಹುಟ್ಟಿದ ವರ್ಷ ಕೆತ್ತಿ, ಒಂದು ಅಡ್ಡಗೆರೆ ಎಳೆದು, ಮುಂದಿನದನ್ನು ಖಾಲಿ ಬಿಡುತ್ತಾರೆ. ಅಮ್ಮ ದೋಸ್ತಾನಾ ಅದಕ್ಕೇನೂ ಬೇಡ ಅಂದಿರಲಿಲ್ಲ. ಅಂದದ್ದು ಇಷ್ಟೇ: "ಒಂದೇ ಸಲ ಕೂರ್ತೀನಿ. ಅವನಿಗೆ ಮಾಡಿದ ಹಾಗೆ ನನ್ನೂ ಮಬ್ಬು ಮಾಡಿದ್ರೆ, ನನಗೂ ಗುರುತಿನ ಚೀಟೀದೇ ಕೆತ್ತಿಸು. ಇಬ್ರೂ ಕಳ್ಳರಾಗಿರ್ತೀವಿ."

ಮಗಳ ಎದೆಗೆ ಹೊಡೆಯುವ ಮಾತನ್ನು ಹುಡುಕಿ ತೆಗೆಯುವುದರಲ್ಲಿ ಅಮ್ಮನನ್ನು ಮೀರಿಸಿದವರಿಲ್ಲ.

ಮನೆಗೆ ಬಂದ ಕ್ರೂನಿಯಾ ಕ್ಯಾಮೆರಾವನ್ನು ಅಡುಗೆಮನೆಯ ಮೇಜಿನ ಮೇಲೆ ಇಟ್ಟು, ಸೊಂಟದ ಮೇಲೆ ಕೈಯಿಟ್ಟು ಅದನ್ನೇ ನೋಡಿದಳು. ಗಂಡ ತ್ರಿವುನ್ ಒಲೆಯ ಪಕ್ಕ ಈರುಳ್ಳಿ ಹೆಚ್ಚುತ್ತಿದ್ದ.

"ಕ್ಯಾಮೆರಾ ಸರಿಯಿಲ್ಲ," ಅಂದಳು.

"ಕುಣೀಲಾರದವಳು ನೆಲ ಡೊಂಕು ಅಂದಳಂತೆ," ಅಂದ ತ್ರಿವುನ್. "ನಿನಗೂ ವಯಸ್ಸಾಯ್ತು ಮಾರಾಯ್ತಿ. ಕೈ ನಡುಗ್ತಾ ಇರಬೇಕು."

ಊರೆಲ್ಲ ಇದೇ ಮಾತು. ನಾಮಕರಣದ ಫೋಟೋದಲ್ಲಿ ಮಗುವಿನ ಬದಲು ಪಾದ್ರಿಯ ಗಡ್ಡ ಸ್ಪಷ್ಟವಾಗಿ ಬಂದಾಗಲೂ ಇದೇ ಮಾತು. ಅವಳೂ ಅರ್ಧ ನಂಬಿದ್ದಳು. ಅಪ್ಪ ಪ್ಲಮ್ ಮರದ ಕೆಳಗೆ ಹ್ಯಾಟು ಹಾಕಿಕೊಂಡು, ತಾನು ಮನೆಯಲ್ಲೇ ಬಟ್ಟಿ ಇಳಿಸಿದ ಹಣ್ಣಿನ ಸಾರಾಯಿಗೆ, ರಾಕಿಯಾಗೆ, ಬಹುಮಾನ ಬಂದ ಕತೆಯನ್ನು ಮತ್ತೆ ಹೇಳುತ್ತ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ದಿನ ಎಷ್ಟೊಂದು ಸಲ ಗುಂಡಿ ಒತ್ತಿದ್ದಳು! ಬಿಸಿಲಲ್ಲಿ ಪುಟ್ಟ ಪರದೆಯ ಮೇಲೆ ಎಲ್ಲ ಚೆನ್ನಾಗೇ ಕಂಡಿತ್ತು. ಇನ್ನೊಮ್ಮೆ ತೆಗೆಯೋಣ ಅನ್ನುವುದರೊಳಗೆ ಅವನು ಮಲಗಿದಲ್ಲೇ ಹೋಗಿಬಿಟ್ಟ. ಈ ಮೇಜಿನ ಮುಂದೆ ಅವಳಿಗೆ ಬೇಕಾಗಿದ್ದದ್ದು ಒಂದೇ. ಅಪ್ಪನ ಮುಖ ಕಳೆದದ್ದು ತನ್ನ ಕೈಯೋ, ಅಲ್ಲವೋ.

ಲೆನ್ಸಿನ ಹಿಂದಿನ ಹಿತ್ತಾಳೆ ಚುಕ್ಕಿಗಳನ್ನು ಒರೆಸಿದಳು. ಫೋಕಸ್ ತಾನಾಗಿಯೇ ಆಗುವಂತೆ ಇಡುವ ಗುಂಡಿ ಸರಿಯಾದ ಕಡೆಗೇ ಇತ್ತು. ಹಳೆಯ ಲೆನ್ಸ್ ಹಾಕಿ ನೋಡಿದಳು, ಅದೇ ಹಾಡು. ಆಮೇಲೆ ಮೇಜಿನುದ್ದಕ್ಕೂ ಅಕ್ರೋಟುಗಳನ್ನು ಓರೆಯಾಗಿ ಸಾಲಿಟ್ಟಳು. ಕೈ ನಡುಗುತ್ತದೆ ಅಂತಾರಲ್ಲ, ಆಗಲಿ ಅಂತ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ನಡುವಿನ ಅಕ್ರೋಟಿಗೆ ಗುರಿಯಿಟ್ಟು ತೆಗೆದಳು. ಸ್ಪಷ್ಟವಾಗಿ ಬಂದದ್ದು ಹಿಂದಿನದು. ಮತ್ತೆ ತೆಗೆದಳು, ಮುಂದಿನದು. ಇನ್ನೊಮ್ಮೆ ತೆಗೆದಾಗ ಲೆನ್ಸ್ ಗರ್ರ್ ಗರ್ರ್ ಅಂತ ಹಿಂದೆ ಮುಂದೆ ತಡಕಾಡಿ ಎಲ್ಲೂ ನಿಲ್ಲಲಿಲ್ಲ. ಕತ್ತಲೆ ಕೋಣೆಯಲ್ಲಿ ಚಪ್ಪಲಿ ಹುಡುಕುವ ಕುಡುಕನ ಹಾಗೆ.

ಆಮೇಲೆ ಕ್ಯಾಮೆರಾದ ಕಿಂಡಿಯಿಂದ ಕಣ್ಣು ತೆಗೆದು, ಹಿಂಬದಿಯ ಪರದೆಯನ್ನೇ ನೋಡಿಕೊಂಡು ತೆಗೆಯುವಂತೆ ಮಾಡಿದಳು. ನಡುವಿನ ಅಕ್ರೋಟು ಸುಕ್ಕು ಸುಕ್ಕಾಗಿ ಎದ್ದು ಬಂತು. ಮತ್ತೆ ತೆಗೆದಳು, ಅದೇ ಅಕ್ರೋಟು. ಎಷ್ಟು ಸಲ ತೆಗೆದರೂ ಅದೇ.

"ತ್ರಿವುನ್," ಅಂದಳು, ದನಿ ತೀರ ತಗ್ಗಿಸಿ. ಅವಳ ದನಿ ತಗ್ಗಿದರೆ ಅವನು ಚಾಕು ಕೆಳಗಿಡುತ್ತಿದ್ದ. "ಪರದೆ ನೋಡಿ ತೆಗೆದ್ರೆ ಸರಿ ಬರುತ್ತೆ. ಕಿಂಡಿಯಿಂದ ತೆಗೆದ್ರೆ ಮಾತ್ರ ತಪ್ಪುತ್ತೆ. ಲೆನ್ಸ್ ತಪ್ಪಲ್ಲ. ನನ್ನ ಕೈ ತಪ್ಪಲ್ಲ. ಒಳಗಿನ ಕಣ್ಣಿಗೆ ಏನೋ ಬಡಿದಿದೆ."

ಲೆನ್ಸ್ ಕಳಚಿ, ಟಾರ್ಚ್ ಹಿಡಿದು ಒಳಗೆ ಬಗ್ಗಿ ನೋಡಿದಳು. ಕನ್ನಡಿಯನ್ನು ಮೇಲೆತ್ತಿದರೆ ಅದರ ಕೆಳಗೆ, ಒಳಗಿನ ತಳದಲ್ಲಿ, ಉಗುರಿನಷ್ಟು ಗಾಜಿನ ಕಿಟಕಿ. ಕಿಂಡಿಯಿಂದ ತೆಗೆಯುವಾಗ ದೂರ ಅಳೆಯುವ ಕಣ್ಣು ಇರುವುದು ಅದರ ಅಡಿಯಲ್ಲಿ. ಆ ಗಾಜಿನ ಮೇಲೆ ಹಳದಿ ಪೊರೆಯೊಂದು ಕಟ್ಟಿತ್ತು. ಪೊರೆಯಲ್ಲಿ, ಕಾಲು ಮೇಲೆ ಮಾಡಿ, ಒಂದು ಹಣ್ಣಿನ ನೊಣ ಅಂಟಿಕೊಂಡು ಸತ್ತಿತ್ತು.

ಕ್ರೂನಿಯಾಳ ಪಿತ್ತ ನೆತ್ತಿಗೇರಿತು.

ಕ್ಯಾಮೆರಾ ಬಂದದ್ದು ಕೂಮ್ ಒಬ್ರೆನ್‌ನಿಂದ. ಅವಳ ಮದುವೆಯಲ್ಲಿ ಸಾಕ್ಷಿಯಾಗಿ ನಿಂತವನು, ಇಬ್ಬರು ಮಕ್ಕಳಿಗೂ ಹೆಸರಿಟ್ಟವನು. ಹಾಗೆ ನಿಂತವನು ಮನೆಗೆ ಕೂಮ್, ಅವನಿಗೆ ಅವಳು ಕೂಮಾ, ರಕ್ತಕ್ಕಿಂತ ಗಟ್ಟಿ ನಂಟು. ವಿಯೆನ್ನಾದಲ್ಲಿ ವರ್ಷಗಟ್ಟಲೆ ದುಡಿದು ಹಿಂತಿರುಗುವಾಗ ತಂದಿದ್ದ ಕ್ಯಾಮೆರಾವನ್ನು, ಅವಳ ಹಳೆಯದು ಕೆಟ್ಟು ಕೂತಾಗ ಕೊಟ್ಟಿದ್ದ. ಬೇರೆ ಯಾರಾದರೂ ಮಾರಿದ್ದರೆ ಅವಳು ಅದನ್ನು ಬಿಚ್ಚಿ, ಮೂಸಿ, ಹತ್ತು ಫೋಟೋ ತೆಗೆದು ನೋಡದೆ ಮುಟ್ಟುತ್ತಿರಲಿಲ್ಲ. ಕೂಮ್ ಕೊಟ್ಟ ವಸ್ತುವನ್ನು ಪರೀಕ್ಷೆ ಮಾಡುವುದೆಂದರೆ ಅವನ ಮುಖಕ್ಕೆ ಉಗಿದ ಹಾಗೆ. ಅದಕ್ಕೇ ಬಾಯಿ ಮುಚ್ಚಿಕೊಂಡು ತಂದಿದ್ದಳು.

"ಎಲ್ಲಿಗೆ ಹೊರಟೆ?" ಅಂದ ತ್ರಿವುನ್.

"ಕೂಮ್ ಮನೆಗೆ. ಈ ನೊಣ ಅವರದ್ದೇ ಅಲ್ವಾ, ಕೊಟ್ಟು ಬರ್ತೀನಿ."

"ಆಕಾಶದಲ್ಲಿ ದೇವರು, ಭೂಮಿ ಮೇಲೆ ಕೂಮ್. ನೆನಪಿಟ್ಕೋ. ಕೂಮ್ ಜೊತೆ ಜಗಳ ಆಡಿದ ಮನೆ ಉದ್ಧಾರ ಆಗಿದ್ದು ನಾನಂತೂ ನೋಡಿಲ್ಲ."

"ನಮ್ಮಪ್ಪನ ಮುಖ ಹೋಗಿದ್ದನ್ನ ನೋಡಿದೆಯಲ್ಲ, ಅದು ಸಾಲದಾ?"

ದಾರಿಯುದ್ದಕ್ಕೂ ಬಯ್ಗುಳಗಳನ್ನು ಜೋಡಿಸಿಕೊಂಡು ನಡೆದಳು. ಒಬ್ಬರ ಮುಂದೆ ಆಡಿದರೆ ಮೂರು ತಲೆಮಾರು ಮಾತುಕತೆಯೇ ನಿಂತುಹೋಗುವಂಥವು. ಆದರೆ ಬಾಗಿಲು ತೆರೆದ ಒಬ್ರೆನ್ ಮುಖವರಳಿಸಿ, "ಬಾ ಕೂಮಾ, ಬಾ, ಮೊದಲು ಬಾಯಿ ಸಿಹಿ ಮಾಡ್ಕೋ" ಅಂದುಬಿಟ್ಟ. ಬೆಳ್ಳಿಯ ಚಮಚದಲ್ಲಿ ಸಕ್ಕರೆಪಾಕದ ಹಣ್ಣು, ಪಕ್ಕದಲ್ಲಿ ನೀರಿನ ಲೋಟ. ಅದನ್ನು ಬಾಯಿಗಿಡದೆ ಆ ಮನೆಯಲ್ಲಿ ಯಾರೂ ಮಾತೆತ್ತುವಂತಿಲ್ಲ. ಕೋಪದಿಂದ ಬುಸುಗುಡುತ್ತಿರುವ ಹೆಂಗಸಿನ ಬಾಯಿಗೆ ಸಿಹಿ ತುರುಕುವ ಪದ್ಧತಿ ಮಾಡಿದವನು ಬಲು ಜಾಣನಿರಬೇಕು. ಕ್ರೂನಿಯಾ ನುಂಗಿದಳು. ನೀರು ಕುಡಿದಳು. ಆಮೇಲೆ ಕ್ಯಾಮೆರಾವನ್ನು ಮೇಜಿನ ಮೇಲೆ ಕುಕ್ಕಿದಳು.

"ಕೂಮ್, ಇದರೊಳಗೆ ಏನು ಸುರಿದ್ರಿ ನೀವು?"

"ಸುರಿಯೋದಾ? ನಾನಾ?"

"ಗಾಜಿನ ಮೇಲೆ ಹಳದಿ ಪೊರೆ ಇದೆ. ನೊಣ ಅಂಟಿದೆ. ಅದರಿಂದಲೇ ಇದಕ್ಕೆ ಕಣ್ಣು ಕಾಣ್ತಿಲ್ಲ. ನಮ್ಮಪ್ಪನ ಒಂದು ಫೋಟೋನೂ ಬರ್ಲಿಲ್ಲ ಕೂಮ್. ಒಂದೂ. ಕಿವಿ ಮಾತ್ರ ಬಂದಿದೆ. ಊರೆಲ್ಲಾ ನನ್ನ ಕೈ ನಡುಗುತ್ತೆ ಅಂತಿದೆ, ನಾನೂ ಹೌದೇನೋ ಅಂತ ರಾತ್ರಿಯೆಲ್ಲ ಈ ಕೈ ನೋಡ್ಕೊಂಡು ಕೂತಿದ್ದೆ!"

ಒಬ್ರೆನ್‌ನ ಮುಖದಿಂದ ನಗು ಇಳಿಯಿತು. "ನಿನಗೆ ಕೊಡೋ ಮುಂಚೆ ಒರೆಸಿದ್ದೆ ಕೂಮಾ. ಧೂಳಿತ್ತು. ನಿನಗೆ ಧೂಳಿಂದು ಕೊಡೋದಾ? ಹತ್ತಿಯಲ್ಲಿ ರಾಕಿಯಾ ಅದ್ದಿ, ಒಳಗೆಲ್ಲಾ..."

"ರಾಕಿಯಾ," ಅಂದಳು ಕ್ರೂನಿಯಾ. "ಕ್ಯಾಮೆರಾ ಒಳಗೆ. ರಾಕಿಯಾ."

"ಯಾಕೆ? ಜ್ವರ ಬಂದ್ರೆ ಅದನ್ನೇ ಹಚ್ಚಲ್ವಾ? ಗಾಯಕ್ಕೆ ಅದೇ, ಕನ್ನಡಕಕ್ಕೆ ಅದೇ. ಒಳ್ಳೇ ರಾಕಿಯಾ ಒಂದು ಕಲೆ ಬಿಡಲ್ಲ, ಹಾಗೇ ಆರಿ ಹೋಗುತ್ತೆ. ನೋಡು ಬೇಕಾದ್ರೆ."

ಕಪಾಟಿನಿಂದ ತನ್ನ ಮನೆಯ ಸೀಸೆ ತೆಗೆದು, ಕನ್ನಡಕದ ಮೇಲೆ ಒಂದು ಹನಿ ಬಿಟ್ಟು, ಒಲೆಯ ಹತ್ತಿರ ಹಿಡಿದ. ಹನಿ ಕುಗ್ಗಿತು, ಆರಿತು, ಗಾಜು ತೊಳೆದಿಟ್ಟಂತಿತ್ತು. ಕ್ರೂನಿಯಾ ಬೆರಳಾಡಿಸಿ ನೋಡಿದಳು, ಏನೂ ಇಲ್ಲ.

"ಮತ್ತೆ ಈ ಪೊರೆ?" ಅಂದಳು. "ಇದರಿಂದಲೇ ಒರೆಸಿದ್ರಾ?"

"ಅಯ್ಯೋ, ಇದರಿಂದಲಾ? ನಿನಗೆ ಕೊಡೋ ವಸ್ತು ಅಂತ ಮನೇಲಿದ್ದ ಅತ್ಯುತ್ತಮವಾದ್ದನ್ನೇ ತೆಗೆದೆ. ನಿಮ್ಮಪ್ಪಂದು. ಬಹುಮಾನ ಬಂದದ್ದು, ಮಲ್ಬರಿ ಮರದ ಪೀಪಾಯಿಯಲ್ಲಿ ಏಳು ವರ್ಷ ಕೂತು ಹಳದಿಯಾಗಿದ್ದು..."

ಕೈಯಲ್ಲಿದ್ದ ಕನ್ನಡಕವನ್ನು ನೋಡಿದ. ಕ್ಯಾಮೆರಾವನ್ನು ನೋಡಿದ. ಆರಿದ ರಾಕಿಯಾ ಕಲೆ ಬಿಡುವುದಿಲ್ಲ. ಅದರೊಳಗೆ ಸಕ್ಕರೆ ಕಲಸಿದ್ದರೆ ಮಾತ್ರ ಬಿಡುತ್ತದೆ.

"ಅಪ್ಪಂದು ಒಂದು ಹನಿ ಹಾಕಿ ನೋಡಿ," ಅಂದಳು ಕ್ರೂನಿಯಾ.

"ಮುಗಿದೋಯ್ತು ಕೂಮಾ."

ಸೀಸೆ ಅವನ ಹಿಂದಿನ ಕಪಾಟಿನಲ್ಲೇ ಇತ್ತು. ಅಪ್ಪನ ಕೈಬರಹದ ಚೀಟಿ ಅಂಟಿಸಿದ್ದು, ಅರ್ಧಕ್ಕಿಂತ ಹೆಚ್ಚು ತುಂಬಿದ್ದು. ಒಬ್ರೆನ್ ಮೆಲ್ಲಗೆ ಸರಿದು ಅದಕ್ಕೆ ಅಡ್ಡ ನಿಂತ.

"ತಪ್ಪು ನಂದೇ," ಅಂದ. "ಆವತ್ತು ಬಕ್ಲಾವಾ ತಿಂತಾ ಇದ್ದೆ. ಕೈಯೆಲ್ಲಾ ಪಾಕ. ಅದೇ ಕೈಯಲ್ಲಿ ಹತ್ತಿ ಹಿಡಿದಿರ್ಬೇಕು. ಬಯ್ಯಿ ಕೂಮಾ, ಬಯ್ಯಿಸ್ಕೋತೀನಿ. ಊರಲ್ಲಿ ಯಾರು ಕೇಳಿದ್ರೂ ಕೆಡಿಸಿದ್ದು ಒಬ್ರೆನ್ ಅಂತ ಹೇಳು."

ಜೋಡಿಸಿಕೊಂಡು ಬಂದಿದ್ದ ಬಯ್ಗುಳವೆಲ್ಲ ಗಂಟಲಲ್ಲಿ ಬಿಸಿ ತುಪ್ಪವಾಗಿ ಕೂತಿತು, ಉಗುಳುವಂತಿಲ್ಲ ನುಂಗುವಂತಿಲ್ಲ. ಸತ್ತವನ ಮಾನ ಕಾಯಲು ಕೂಮ್ ಸುಳ್ಳು ಹೇಳುತ್ತಿದ್ದ. ಅವನಿಗೆ ಏನೆಂದು ಬಯ್ಯುವುದು? ಕ್ಯಾಮೆರಾ ಎತ್ತಿಕೊಂಡು, "ನಿಮ್ಮ ಹಣ್ಣು ಚೆನ್ನಾಗಿತ್ತು ಕೂಮ್" ಅಂತಷ್ಟೇ ಹೇಳಿ ಹೊರಟಳು. ಬಾಗಿಲನ್ನು ಮಾತ್ರ ಕೀಲು ಅಲುಗುವ ಹಾಗೆ ಎಳೆದಳು.

ತವರುಮನೆಯ ಅಡುಗೆಮನೆಯಲ್ಲಿ ಅಮ್ಮ ಮೆಣಸಿನಕಾಯಿ ಸುಡುತ್ತಿದ್ದಳು. ಕ್ರೂನಿಯಾ ನೇರ ಕಪಾಟಿಗೆ ಹೋಗಿ ಅಪ್ಪನ ಸೀಸೆ ತೆಗೆದು, ಗಾಜಿನ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ಒಲೆಯ ಪಕ್ಕ ಇಟ್ಟಳು. ಆರಿತು. ಹಳದಿ ಉಂಗುರ ಉಳಿಯಿತು. ಬೆರಳಿಟ್ಟಳು, ಬೆರಳು ಅಂಟಿತು.

"ಜೇನು," ಅಂದಳು ಅಮ್ಮ, ಒಲೆಯಿಂದ ಮುಖ ತಿರುಗಿಸದೆ. "ಸ್ವಲ್ಪ ಸುಟ್ಟ ಸಕ್ಕರೆ. ಕಲಕಿದವಳು ನಾನೇ."

"ಮಲ್ಬರಿ ಪೀಪಾಯಿ?"

"ಯಾವ ಪೀಪಾಯಿ? ಪ್ರವಾಹ ಬಂದ ವರ್ಷವೇ ಅದು ಒಡೆದು ಹೋಯ್ತು. ಹೊಸದು ಮಾಡಿಸು ಅಂದ್ರೆ, ಬಣ್ಣ ಇದ್ರೆ ಸಾಕು ಕಣೇ, ಕುಡಿಯೋನಿಗೇನು ಗೊತ್ತಾಗುತ್ತೆ ಅಂದ. ಯಾರಿಗೂ ಗೊತ್ತಾಗ್ಲೂ ಇಲ್ಲ. ಬಹುಮಾನ ಬೇರೆ ಕೊಟ್ರು, ದಡ್ಡ ನನ್ಮಕ್ಳು."

"ಕ್ಯಾಮೆರಾಗೆ ಗೊತ್ತಾಯ್ತಮ್ಮ," ಅಂದಳು ಕ್ರೂನಿಯಾ. ನಡೆದದ್ದನ್ನೆಲ್ಲ ಹೇಳಿದಳು. ಹೇಳುತ್ತ ಹೇಳುತ್ತ ದನಿ ಏರಿತು. "ಆವತ್ತು ಮರದ ಕೆಳಗೆ ಕೂತು ನಗ್ತಿದ್ನಲ್ಲ, ಯಾವುದರ ಕತೆ ಹೇಳ್ಕೊಂಡು ನಗ್ತಿದ್ದ? ಇದರದ್ದೇ. ನಾನು ಕಣ್ಣು ಬಿಟ್ಕೊಂಡು ಅವನ ಮುಖ ಹಿಡಿಯೋಕೆ ಒದ್ದಾಡ್ತಿದ್ರೆ, ಒಳಗೆ ಅವನದ್ದೇ ಜೇನು ಗಾಜಿಗೆ ಅಂಟ್ಕೊಂಡು ಕೂತಿತ್ತು. ತನ್ನ ಮುಖ ತಾನೇ ಅಳಿಸ್ಕೊಂಡ ಮಹಾನುಭಾವ. ಈಗ ಯಾರ ಮೇಲೆ ಕೂಗಾಡ್ಲಿ ನಾನು? ಹೇಳು, ಯಾರ ಮೇಲೆ?"

ಅಮ್ಮ ಮೆಣಸಿನಕಾಯಿಯನ್ನು ಮಗುಚಿ ಹಾಕಿದಳು. "ಮಾಡಿದ್ದುಣ್ಣೋ ಮಾರಾಯ," ಅಂದಳು ಕೊನೆಗೆ. "ನೂರು ಸಲ ಹೇಳಿದ್ದೆ ಅವನಿಗೆ. ನನ್ನ ಮಾತು ಯಾವತ್ತು ಕಿವಿಗೆ ಹಾಕ್ಕೊಂಡ?"

ಲೆನ್ಸ್ ಒರೆಸುವ ದ್ರವದಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಕ್ರೂನಿಯಾ ಆ ಪುಟ್ಟ ಗಾಜನ್ನು ಒರೆಸಿದಳು. ಮೊದಲು ನೊಣ ಬಂತು, ಆಮೇಲೆ ಹಳದಿ, ಇನ್ನಷ್ಟು ಹಳದಿ, ಕೊನೆಗೆ ಹತ್ತಿ ಬೆಳ್ಳಗೆ ಬಂತು. ಕಿಂಡಿಯಿಂದ ನೋಡಿ ಬಾಗಿಲ ಚಿಲಕಕ್ಕೆ ಗುರಿಯಿಟ್ಟಳು. ಲೆನ್ಸ್ ಒಮ್ಮೆ ತಿರುಗಿ ಟಕ್ಕೆಂದು ನಿಂತಿತು. ಎಷ್ಟು ಸುಲಭ! ಅವಳಿಗೆ ಅಳು ಬಂತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಅಮ್ಮ ಕಪ್ಪು ರುಮಾಲು ಕಟ್ಟಿಕೊಂಡು ಬಂದು ಪ್ಲಮ್ ಮರದ ಕೆಳಗೆ ಅದೇ ಕುರ್ಚಿಯಲ್ಲಿ ಕೂತಳು.

"ಸ್ವಲ್ಪ ನಗಮ್ಮ."

"ಯಾಕೆ ನಗ್ಲಿ? ಅವನು ಕೋಳಿಕಳ್ಳನ ಹಾಗೆ ಗುರಾಯಿಸ್ತಾ ನಿಂತಿರ್ತಾನೆ, ನಾನು ಪಕ್ಕದಲ್ಲಿ ಮದುಮಗಳ ಹಾಗೆ ಹಲ್ಲು ಕಿರೀಲಾ? ಇಬ್ರೂ ಗುರಾಯಿಸ್ತೀವಿ. ಜೋಡಿ ಅಂದ್ರೆ ಜೋಡಿ. ತೆಗಿ."

ದೋಸ್ತಾನಾ ಕ್ಯಾಮೆರಾವನ್ನು ನೋಡಿ ಗುರಾಯಿಸಿದಳು. ಗಂಡನ ಮೇಲಿನ ನಲವತ್ತು ವರ್ಷದ ಸಿಟ್ಟೆಲ್ಲ ಆ ನೋಟದಲ್ಲಿತ್ತು, ಹೇಳದೆ ಕೇಳದೆ ಹೋದದ್ದರ ಸಿಟ್ಟೂ ಸೇರಿ. ಕ್ರೂನಿಯಾ ಒತ್ತಿದಳು. ಈ ಸಲ ಪರದೆಯನ್ನು ನೆರಳಿಗೆ ಹಿಡಿದು, ದೊಡ್ಡದು ಮಾಡಿ ನೋಡಿದಳು. ಒಂದೊಂದು ರೆಪ್ಪೆಯೂ ಬೇರೆ ಬೇರೆಯಾಗಿ ಕಂಡಿತು. ಕಣ್ಣಂಚಿನಲ್ಲಿ ನಿಂತಿದ್ದ ನೀರೂ ಕಂಡಿತು.

"ಬಂತಾ?" ಅಂದಳು ಅಮ್ಮ.

"ಬಂತಮ್ಮ. ಕಣ್ಣು ಚೆನ್ನಾಗಿ ಬಂದಿದೆ. ಕಿವಿ ಸ್ವಲ್ಪ ಮಬ್ಬು."

"ಇರ್ಲಿ ಬಿಡು," ಅಂದಳು ಅಮ್ಮ, ಏಳುತ್ತ. "ಕೇಳಿಸ್ಕೋಬೇಕಾದವನು ಅವನು. ಅವನ ಕಿವಿ ಚೆನ್ನಾಗಿ ಬಂದಿದೆಯಲ್ಲ, ಬಯ್ಯೋಕೆ ನನಗೆ ಅಷ್ಟು ಸಾಕು."